ಒಬ್ಬ ಗ್ರಾಹಕ, ಮೂರು ದಾಖಲೆ: ಇ-ಮೇಲ್ ಸಿಂಕ್ ಗಡಿಭಾಗದ ಹೆಸರುಗಳನ್ನು ಓದುವ ಬಗೆ

ಗಡಿಭಾಗದ ಅಡತಿ ಅಂಗಡಿಗಳಲ್ಲಿ ಗ್ರಾಹಕರ ಲೆಕ್ಕವನ್ನು ಕಿರ್ದಿ, ಖತಾವಣಿಗಳಲ್ಲಿ ಬರೆದಿಡುತ್ತಿದ್ದಾಗ ಮುನೀಮರಿಗೆ ಬಂದವರ ಊರು, ತಂದೆಯ ಹೆಸರು, ಮನೆತನ ಬಾಯಿಪಾಠವಾಗಿರುತ್ತಿತ್ತು. ಇಂದು ಉದಗೀರದ ಬೇಳೆ ವ್ಯಾಪಾರಿ, ನಿಲಂಗಾದ ಬೀಜ-ಗೊಬ್ಬರದ ಅಂಗಡಿಯವರು, ಉಮರ್ಗಾದ ಹೆದ್ದಾರಿ ಬದಿಯ ಮಳಿಗೆಯವರು ಆ ಕೆಲಸವನ್ನು ಸಿಆರ್‌ಎಂ ಎಂದು ಕರೆಯಲಾಗುವ ಗ್ರಾಹಕ ಸಂಬಂಧ ನಿರ್ವಹಣಾ ತಂತ್ರಾಂಶಕ್ಕೆ ಒಪ್ಪಿಸಬಹುದು. ತಮ್ಮ ಇ-ಮೇಲನ್ನೂ ಮೊಬೈಲಿನ ಸಂಪರ್ಕ ಪಟ್ಟಿಯನ್ನೂ ಅದಕ್ಕೆ ಜೋಡಿಸಬಹುದು. ಹಾಗೆ ಜೋಡಿಸಿದ ಕೆಲವೇ ದಿನಗಳಲ್ಲಿ ಒಂದು ತೊಡಕು ಎದುರಾಗುತ್ತದೆ. ಒಬ್ಬನೇ ಗ್ರಾಹಕ ಪಟ್ಟಿಯಲ್ಲಿ ಎರಡು, ಮೂರು ಬಾರಿ ಕಾಣಿಸಿಕೊಳ್ಳುತ್ತಾನೆ. ಬಾಕಿ ನೆನಪೋಲೆ ಎರಡೆರಡು ಸಲ ಹೋಗುತ್ತದೆ. ಇನ್ನೊಮ್ಮೆ ಒಬ್ಬರ ಪತ್ರ ಮತ್ತೊಬ್ಬರ ಖಾತೆಗೆ ಸೇರುತ್ತದೆ.

ಇಂಥ ನಕಲು ದಾಖಲೆಗಳು ಜಗತ್ತಿನ ಎಲ್ಲೆಡೆ ಹುಟ್ಟುತ್ತವೆ. ಆದರೆ ಒಂದೇ ಹೆಸರನ್ನು ಮನೆಯಲ್ಲಿ ಕನ್ನಡದಲ್ಲಿ ಕರೆದು, ತಹಸೀಲು ಕಚೇರಿಯಲ್ಲಿ ಮರಾಠಿಯಲ್ಲಿ ಬರೆದು, ಬ್ಯಾಂಕಿನಲ್ಲಿ ಇಂಗ್ಲಿಷಿನಲ್ಲಿ ನಮೂದಿಸುವ ನಮ್ಮ ಪ್ರದೇಶದಲ್ಲಿ ಅವುಗಳಿಗೆ ವಿಶೇಷ ಕಾರಣಗಳಿವೆ. ಅವುಗಳನ್ನು ತಿದ್ದುವ ಯಂತ್ರದ ಕ್ರಮದಲ್ಲಿ ನಮ್ಮ ಹೆಸರಿನ ಕನ್ನಡ ರೂಪ ಅಳಿಸಿಹೋಗುವ ಸಂಭವವೂ ಇದೆ. ಆದ್ದರಿಂದ ಈ ವ್ಯವಸ್ಥೆ ಒಳಗೆ ಹೇಗೆ ನಡೆಯುತ್ತದೆಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತಿದ್ದೇವೆ.

ಸಿಂಕ್ ಮಾಡುವ ಎರಡು ಕೆಲಸಗಳು

ಸಿಂಕ್ ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಕೆಲಸಗಳು ಅಡಗಿವೆ. ಮೊದಲನೆಯದು ಪತ್ರಗಳ ಸಿಂಕ್. ನಿಮ್ಮ ಅಂಚೆಪೆಟ್ಟಿಗೆಗೆ ಬಂದ ಅಥವಾ ಅಲ್ಲಿಂದ ಹೋದ ಪ್ರತಿ ಪತ್ರದ ತಲೆಭಾಗದಲ್ಲಿ ಕಳುಹಿಸಿದವರು, ಪಡೆದವರು, ಪ್ರತಿ ಪಡೆದವರು ಎಂಬ ಅಂಕಣಗಳಿರುತ್ತವೆ. ತಂತ್ರಾಂಶ ಅಲ್ಲಿನ ವಿಳಾಸಗಳನ್ನು ಎತ್ತಿಕೊಂಡು ತನ್ನ ಗ್ರಾಹಕ ಪಟ್ಟಿಯಲ್ಲಿ ಹುಡುಕುತ್ತದೆ. ಅದೇ ವಿಳಾಸ ಸಿಕ್ಕರೆ ಪತ್ರವನ್ನು ಆ ಗ್ರಾಹಕನ ಖಾತೆಯಡಿ ದಾಖಲಿಸುತ್ತದೆ. ಸಿಗದಿದ್ದರೆ ಪತ್ರವನ್ನು ಬಿಟ್ಟುಬಿಡುತ್ತದೆ, ಇಲ್ಲವೇ ಹೊಸ ದಾಖಲೆಯನ್ನು ತಾನೇ ತೆರೆಯುತ್ತದೆ. ಎರಡರಲ್ಲಿ ಯಾವುದು ಎಂಬುದು ಸೆಟ್ಟಿಂಗ್ಸ್‌ನಲ್ಲಿ ಆರಿಸಿದ ಆಯ್ಕೆಯನ್ನು ಅವಲಂಬಿಸಿದೆ.

ಎರಡನೆಯದು ಸಂಪರ್ಕ ಪಟ್ಟಿಯ ಸಿಂಕ್. ಮೊಬೈಲಿನ ಗೂಗಲ್ ಕಾಂಟ್ಯಾಕ್ಟ್ಸ್ ಅಥವಾ ಔಟ್‌ಲುಕ್‌ನಲ್ಲಿರುವ ಹೆಸರುಗಳು ಒಂದು ಕಡೆ, ತಂತ್ರಾಂಶದ ಗ್ರಾಹಕರು ಇನ್ನೊಂದು ಕಡೆ. ಪ್ರತಿ ಹೆಸರಿಗೂ ಎರಡೂ ಕಡೆ ಕಣ್ಣಿಗೆ ಕಾಣದ ಒಂದೊಂದು ಕ್ರಮಸಂಖ್ಯೆ ಇರುತ್ತದೆ. ಇಲ್ಲಿನ ಈ ಸಂಖ್ಯೆಯವರೇ ಅಲ್ಲಿನ ಆ ಸಂಖ್ಯೆಯವರು ಎಂದು ಹೇಳುವ ಒಂದು ಜೋಡಣೆ ಪಟ್ಟಿಯನ್ನು ಸಿಂಕ್ ಇಟ್ಟುಕೊಳ್ಳುತ್ತದೆ. ಈ ಪಟ್ಟಿ ಸರಿಯಿರುವವರೆಗೆ ನೀವು ಹೆಸರನ್ನು ಬದಲಿಸಿದರೂ ನಕಲು ಹುಟ್ಟುವುದಿಲ್ಲ. ಮೊದಲ ದಿನ ಈ ಪಟ್ಟಿ ಖಾಲಿಯಾಗಿರುತ್ತದೆ. ಆಗ ತಂತ್ರಾಂಶಕ್ಕೆ ಸಾಮಾನ್ಯವಾಗಿ ಇ-ಮೇಲ್ ವಿಳಾಸವೊಂದೇ ಆಧಾರ. ಇ-ಮೇಲ್ ಇಲ್ಲದ, ಬರೀ ದೂರವಾಣಿ ಸಂಖ್ಯೆಯಿರುವ ಹೆಸರುಗಳನ್ನು ಹಲವು ತಂತ್ರಾಂಶಗಳು ಹೊಸಬರೆಂದೇ ಬಗೆಯುತ್ತವೆ. ಜೋಡಣೆಯನ್ನು ಒಮ್ಮೆ ಕಡಿದು ಮತ್ತೆ ಜೋಡಿಸಿದಾಗಲೂ ಹಳೆಯ ಪಟ್ಟಿ ಕಳೆದುಹೋಗಿ, ಇಡೀ ಸಂಪರ್ಕ ಪಟ್ಟಿ ಎರಡರಷ್ಟಾಗುವ ಸಾಧ್ಯತೆ ಇದೆ.

ಇ-ಮೇಲ್ ವಿಳಾಸವೇ ಗುರುತು

ಹೆಸರು ಎಷ್ಟು ಜನರಿಗಾದರೂ ಇರಬಹುದು; ಇ-ಮೇಲ್ ವಿಳಾಸ ಒಬ್ಬರದೇ ಆಗಿರುತ್ತದೆ ಎಂಬ ನಂಬಿಕೆಯ ಮೇಲೆ ಈ ತಂತ್ರಾಂಶಗಳು ನಿಂತಿವೆ. ಹಬ್‌ಸ್ಪಾಟ್ ಇ-ಮೇಲ್ ವಿಳಾಸವನ್ನು ಸಂಪರ್ಕದ ಅನನ್ಯ ಗುರುತಾಗಿ ಬಳಸುತ್ತದೆ. ಅದೇ ವಿಳಾಸದ ಎರಡನೆಯ ದಾಖಲೆ ತೆರೆಯಗೊಡುವುದಿಲ್ಲ. ತಮಿಳುನಾಡಿನಲ್ಲಿ ನೆಲೆಯಿರುವ ಝೋಹೋ ಸಂಸ್ಥೆಯ ತಂತ್ರಾಂಶದಲ್ಲಿ ಯಾವ ಅಂಕಣದಲ್ಲಿ ಪುನರಾವರ್ತನೆ ಸಲ್ಲದೆಂಬುದನ್ನು ಬಳಕೆದಾರರೇ ಗೊತ್ತುಪಡಿಸಬಹುದು. ಸೇಲ್ಸ್‌ಫೋರ್ಸ್‌ನಲ್ಲಿ ಎರಡು ಬಗೆಯ ನಿಯಮಗಳಿವೆ. ಯಾವ ದಾಖಲೆಗಳು ಒಂದನ್ನೊಂದು ಹೋಲುತ್ತವೆಂದು ಹೊಂದಿಕೆಯ ನಿಯಮ ಹೇಳುತ್ತದೆ; ಹೋಲಿದಾಗ ತಡೆಯಬೇಕೇ, ಎಚ್ಚರಿಸಿ ಬಿಡಬೇಕೇ ಎಂದು ನಕಲು ನಿಯಮ ಹೇಳುತ್ತದೆ.

ವಿಳಾಸದಲ್ಲಿಯೂ ಸೂಕ್ಷ್ಮಗಳಿವೆ. ಜಿಮೇಲ್‌ನಲ್ಲಿ ವಿಳಾಸದ ಮೊದಲ ಭಾಗದ ಚುಕ್ಕೆಗಳು ಲೆಕ್ಕಕ್ಕಿಲ್ಲ. ಚುಕ್ಕೆಯಿಟ್ಟು ಬರೆದರೂ ಇಡದೆ ಬರೆದರೂ ಪತ್ರ ಒಂದೇ ಪೆಟ್ಟಿಗೆಗೆ ಬೀಳುತ್ತದೆ. ಆ ಮೊದಲ ಭಾಗದ ಕೊನೆಗೆ ಕೂಡಿಸುವ ಚಿಹ್ನೆ ಹಾಕಿ ಏನನ್ನಾದರೂ ಸೇರಿಸಿದರೂ ಅಷ್ಟೇ. ಆದರೆ ಅಕ್ಷರ ಅಕ್ಷರ ತಾಳೆ ನೋಡುವ ತಂತ್ರಾಂಶಕ್ಕೆ ಇವು ಬೇರೆ ಬೇರೆ ವಿಳಾಸಗಳು. ಚುಕ್ಕೆಯಿರುವ ವಿಳಾಸದಿಂದ ಒಂದು, ಇಲ್ಲದ ವಿಳಾಸದಿಂದ ಇನ್ನೊಂದು ದಾಖಲೆ ಹುಟ್ಟುವುದು ಹೀಗೆ.

ದೂರವಾಣಿ ಸಂಖ್ಯೆಯ ವಿಷಯವೂ ಇದೇ. 10 ಅಂಕಿಗಳ ಸಂಖ್ಯೆಯನ್ನು ಒಬ್ಬರು ಹಾಗೆಯೇ ಬರೆಯುತ್ತಾರೆ, ಇನ್ನೊಬ್ಬರು ಮುಂದೆ ಸೊನ್ನೆ ಹಾಕುತ್ತಾರೆ, ಮತ್ತೊಬ್ಬರು 91 ಸೇರಿಸುತ್ತಾರೆ. ಇವನ್ನು ಒಂದೇ ರೂಪಕ್ಕೆ ತಂದು ಹೋಲಿಸಿದರೆ ಮಾತ್ರ ಮೂರೂ ಒಂದೇ ಎಂದು ತಿಳಿಯುತ್ತದೆ. ಇದರ ಮೇಲೆ ನಮ್ಮಲ್ಲಿ ಒಬ್ಬರೇ ಮಹಾರಾಷ್ಟ್ರದ ಒಂದು, ಕರ್ನಾಟಕದ ಒಂದು ಹೀಗೆ ಎರಡು ಸಿಮ್ ಇಟ್ಟುಕೊಳ್ಳುವ ರೂಢಿಯೂ ಇದೆ. ಇದಕ್ಕೆ ಹಿನ್ನೆಲೆಯುಂಟು. ನಿಲಂಗಾ ಮತ್ತು ಉದಗೀರ ತಾಲೂಕುಗಳು 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ ಜಿಲ್ಲೆಯಲ್ಲಿಯೇ ಇದ್ದವು. ಬೀಗತನ, ಹೊಲ, ಸಂತೆ ಇಂದಿಗೂ ಎರಡು ರಾಜ್ಯಗಳಲ್ಲಿ ಹಬ್ಬಿವೆ. ದೂರವಾಣಿ ಸಂಖ್ಯೆಗಳೂ ಹಾಗೆಯೇ.

ಬಸವರಾಜ ಎಂಬ ಹೆಸರಿನ ಪಾಡು

ಇ-ಮೇಲ್ ಇಲ್ಲದಿದ್ದಾಗ ಅಥವಾ ಎರಡು ಬೇರೆ ಇ-ಮೇಲ್‌ಗಳಿದ್ದಾಗ ತಂತ್ರಾಂಶ ಹೆಸರಿನ ಹೋಲಿಕೆಗೆ ಇಳಿಯುತ್ತದೆ. ನಮ್ಮ ಕಷ್ಟ ಶುರುವಾಗುವುದು ಇಲ್ಲಿಯೇ.

ಬಸವರಾಜ ಎಂಬ ಹೆಸರನ್ನೇ ತೆಗೆದುಕೊಳ್ಳೋಣ. ಇಂಗ್ಲಿಷಿನಲ್ಲಿ ಬರೆಯುವಾಗ ಕರ್ನಾಟಕದವರು ಸಾಮಾನ್ಯವಾಗಿ ಬಿ-ಎ-ಎಸ್-ಎ-ವಿ-ಎ-ಆರ್-ಎ-ಜೆ ಎಂದು ಬರೆಯುತ್ತಾರೆ. ಮರಾಠವಾಡದ ದಾಖಲೆಗಳಲ್ಲಿ ಬಿ-ಎ-ಎಸ್-ಡಬ್ಲ್ಯು-ಎ-ಆರ್-ಎ-ಜೆ ಎಂಬ ರೂಪ ಕಾಣುತ್ತದೆ. ಮರಾಠಿ ಉಚ್ಚಾರದಲ್ಲಿ ನಡುವಣ ಅಕಾರ ಜಾರಿಹೋಗುವುದೂ ವಕಾರವನ್ನು ಡಬ್ಲ್ಯುದಿಂದ ಬರೆಯುವುದೂ ಇದಕ್ಕೆ ಕಾರಣ.

ಉಚ್ಚಾರದ ಹೋಲಿಕೆಗಾಗಿ ಬಹುಕಾಲದಿಂದ ಬಳಕೆಯಲ್ಲಿರುವ ವಿಧಾನ ಸೌಂಡೆಕ್ಸ್. 1918ರಲ್ಲಿ ಅಮೆರಿಕದಲ್ಲಿ ಇದಕ್ಕೆ ಪೇಟೆಂಟ್ ದೊರೆಯಿತು. ಹೆಸರಿನ ಮೊದಲಕ್ಷರವನ್ನು ಉಳಿಸಿಕೊಂಡು, ಸ್ವರಗಳನ್ನು ಬಿಟ್ಟು, ವ್ಯಂಜನಗಳಿಗೆ 1ರಿಂದ 6ರವರೆಗಿನ ಅಂಕಿ ಕೊಡುವುದು ಅದರ ಕ್ರಮ. ಅದರಲ್ಲಿ ವಿ ಅಕ್ಷರಕ್ಕೆ 1 ಎಂಬ ಅಂಕಿಯಿದೆ; ಡಬ್ಲ್ಯುಗೆ ಅಂಕಿಯೇ ಇಲ್ಲ. ಹೀಗಾಗಿ ಮೊದಲ ರೂಪಕ್ಕೆ ಬಿ-216 ಎಂದೂ ಎರಡನೆಯದಕ್ಕೆ ಬಿ-262 ಎಂದೂ ಸಂಕೇತ ಬರುತ್ತದೆ. ಇಂಗ್ಲಿಷ್ ಮಾತಾಡುವ ನಾಡಿನ ಹೆಸರುಗಳಿಗೆ ಹೊಲಿದ ಅಂಗಿ ನಮ್ಮ ಬಸವರಾಜನ ಮೈಗೆ ಹೊಂದಲಿಲ್ಲ. ಒಂದೇ ಹೆಸರು ಎರಡಾಯಿತು.

ಇನ್ನೊಂದು ವಿಧಾನ ಸೋವಿಯತ್ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಸ್ಟೈನ್ 1965ರಲ್ಲಿ ವಿವರಿಸಿದ ಅಂತರದ ಲೆಕ್ಕ. ಒಂದು ಪದವನ್ನು ಇನ್ನೊಂದಾಗಿಸಲು ಎಷ್ಟು ಅಕ್ಷರಗಳನ್ನು ಸೇರಿಸಬೇಕು, ಅಳಿಸಬೇಕು, ಬದಲಿಸಬೇಕು ಎಂದು ಎಣಿಸುವುದು ಅದರ ರೀತಿ. ಬಸವರಾಜದ ಎರಡು ಇಂಗ್ಲಿಷ್ ರೂಪಗಳ ನಡುವೆ ಅಂತರ 2. ಆದರೆ ಇಂಗ್ಲಿಷಿನಲ್ಲಿ ಬರೆದ ಶಿವರಾಜ, ಶಿವರಾಮ ಎಂಬ ಎರಡು ಬೇರೆ ಹೆಸರುಗಳ ನಡುವಿನ ಅಂತರ ಕೇವಲ 1. ಅಂದರೆ ಒಬ್ಬನೇ ಬಸವರಾಜನ ಎರಡು ಬರಹಗಳಿಗಿಂತ ಶಿವರಾಜ, ಶಿವರಾಮ ಎಂಬ ಇಬ್ಬರು ಯಂತ್ರದ ಲೆಕ್ಕದಲ್ಲಿ ಹತ್ತಿರದವರು. ಅಂತರ 2ರವರೆಗಿನ ಹೆಸರುಗಳೆಲ್ಲ ಒಂದೇ ಎಂದು ನಿಯಮ ಮಾಡಿದರೆ ಬಸವರಾಜ ಒಂದಾಗುತ್ತಾನೆ. ಜೊತೆಗೆ ಶಿವರಾಜನೂ ಶಿವರಾಮನೂ ಒಂದಾಗುತ್ತಾರೆ.

ಮರಾಠಿ ಬರಹದ ಮೂಲಕ ಹಾದುಬಂದ ಕನ್ನಡ ಹೆಸರುಗಳಲ್ಲಿ ಇನ್ನೂ ಒಂದು ಬದಲಾವಣೆ ಆಗುತ್ತದೆ. ಕನ್ನಡದಲ್ಲಿ ಎ, ಏ ಬೇರೆ. ಒ, ಓ ಬೇರೆ. ಮರಾಠಿ ಬರಹದಲ್ಲಿ ಈ ಹ್ರಸ್ವ ದೀರ್ಘಗಳ ಭೇದವಿಲ್ಲ. ಚೆನ್ನಬಸಪ್ಪ ಎಂಬ ಹೆಸರು ಚನಬಸಪ್ಪಾ ಆಗುವುದನ್ನು ನಮ್ಮ ಓದುಗರು ಬಲ್ಲರು. ಹೆಸರು ಬರೆಯುವ ಕ್ರಮವೂ ಬೇರೆ. ಮಹಾರಾಷ್ಟ್ರದಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರನ್ನೂ ಪೂರ್ಣವಾಗಿ ಬರೆಯುವುದು ರೂಢಿ; ಕೆಲವು ಪಟ್ಟಿಗಳಲ್ಲಿ ಅಡ್ಡಹೆಸರು ಮೊದಲು ಬರುತ್ತದೆ. ಕರ್ನಾಟಕದಲ್ಲಿ ತಂದೆಯ ಹೆಸರನ್ನು ಒಂದು ಅಕ್ಷರಕ್ಕೆ ಇಳಿಸುವುದುಂಟು. ಮೊದಲ ಹೆಸರು, ಕೊನೆಯ ಹೆಸರು ಎಂಬ ಎರಡೇ ಅಂಕಣಗಳಿರುವ ತಂತ್ರಾಂಶದಲ್ಲಿ ಇವೆಲ್ಲ ಅದಲುಬದಲಾಗಿ ಬೀಳುತ್ತವೆ.

ಕಣ್ಣಿಗೆ ಒಂದೇ, ಯಂತ್ರಕ್ಕೆ ಎರಡು

ಹಾಗಾದರೆ ಹೆಸರನ್ನು ಕನ್ನಡ ಲಿಪಿಯಲ್ಲಿಯೇ ಬರೆದರೆ ತೊಡಕು ತೀರುತ್ತದೆಯೇ? ಪೂರ್ತಿ ತೀರುವುದಿಲ್ಲ.

ಗಣಕಯಂತ್ರಕ್ಕೆ ಅಕ್ಷರವೆಂದರೆ ಒಂದು ಸಂಖ್ಯೆ. ಯುನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ ಸಂಖ್ಯೆಗಳೂ ದೇವನಾಗರಿಗೆ 2304ರಿಂದ 2431ರವರೆಗಿನ ಸಂಖ್ಯೆಗಳೂ ಮೀಸಲಾಗಿವೆ. ಕನ್ನಡದ ಬಕಾರ 3244, ದೇವನಾಗರಿಯ ಬಕಾರ 2348. ಆದ್ದರಿಂದ ಕನ್ನಡದಲ್ಲಿ ಬರೆದ ಬಸವರಾಜನಿಗೂ ಮರಾಠಿಯಲ್ಲಿ ಬರೆದ ಬಸವರಾಜನಿಗೂ ಯಂತ್ರದ ದೃಷ್ಟಿಯಲ್ಲಿ ಒಂದು ಅಕ್ಷರವೂ ಸಮಾನವಿಲ್ಲ. ಆದರೆ ಭಾರತೀಯ ಲಿಪಿಗಳನ್ನು ಯುನಿಕೋಡ್‌ನಲ್ಲಿ ಜೋಡಿಸುವಾಗ ಇಸ್ಕಿ ಎಂಬ ಭಾರತೀಯ ಸಂಕೇತ ಕ್ರಮವನ್ನು ಅನುಸರಿಸಿದ್ದರಿಂದ ಒಂದು ಅನುಕೂಲವಿದೆ. ಎರಡೂ ಲಿಪಿಗಳ ಸಮಾನ ಅಕ್ಷರಗಳ ನಡುವೆ ಸಾಮಾನ್ಯವಾಗಿ 896ರ ಅಂತರವಿರುತ್ತದೆ. ಬೇಕೆಂದರೆ ತಂತ್ರಾಂಶ ಒಂದನ್ನು ಇನ್ನೊಂದಕ್ಕೆ ಸುಲಭವಾಗಿ ತಿರುಗಿಸಿ ತಾಳೆ ನೋಡಬಹುದು. ಹೊಂದಿಕೆಯ ನಿಯಮಗಳಲ್ಲಿ ಯಾರೂ ಅದನ್ನು ಕೇಳದಿದ್ದರೆ ಅದು ತಾನಾಗಿ ಹಾಗೆ ಮಾಡುವುದಿಲ್ಲ.

ಕನ್ನಡದೊಳಗೂ ಭೇದಗಳಿವೆ. ನೀಲಮ್ಮ ಎಂಬಲ್ಲಿನ ದೀರ್ಘ ಈಕಾರವನ್ನು ಒಂದೇ ಸಂಕೇತದಿಂದ ಬರೆಯಬಹುದು. ಹ್ರಸ್ವ ಇಕಾರದ ಮುಂದೆ ದೀರ್ಘದ ಗುರುತನ್ನು ಪ್ರತ್ಯೇಕವಾಗಿ ಸೇರಿಸಿ ಎರಡು ಸಂಕೇತಗಳಿಂದಲೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಶೋಭಾ ಎಂಬಲ್ಲಿನ ಓಕಾರವೂ ಹೀಗೆಯೇ. ಹೋಲಿಸುವ ಮೊದಲು ಇವುಗಳನ್ನು ಒಂದೇ ರೂಪಕ್ಕೆ ತರುವ ಸಾಮಾನ್ಯೀಕರಣದ ನಿಯಮ ಯುನಿಕೋಡ್‌ನಲ್ಲಿಯೇ ಇದೆ. ಅದನ್ನು ಪಾಲಿಸದ ತಂತ್ರಾಂಶ ಒಬ್ಬ ನೀಲಮ್ಮನನ್ನು ಇಬ್ಬರನ್ನಾಗಿಸುತ್ತದೆ. ರಾಜ್‌ಕುಮಾರ್ ಎಂಬಂಥ ಹೆಸರುಗಳಲ್ಲಿ ಒತ್ತಕ್ಷರ ಆಗದಂತೆ ತಡೆಯಲು ಬಳಸುವ ಕಾಣದ ಸಂಕೇತ ಇನ್ನೊಂದು ತೊಡಕು. ಪದದ ಕೊನೆಯಲ್ಲಿ ಅದು ಉಳಿದುಕೊಂಡರೆ ಕಣ್ಣಿಗೆ ಗೊತ್ತಾಗುವುದಿಲ್ಲ, ಯಂತ್ರಕ್ಕೆ ಮಾತ್ರ ಒಂದಕ್ಷರ ಹೆಚ್ಚು. ಸಾಮಾನ್ಯೀಕರಣವೂ ಇದನ್ನು ತೆಗೆಯುವುದಿಲ್ಲ. ಹಿಂದೆ ನುಡಿ, ಬರಹ ತಂತ್ರಾಂಶಗಳ ಯುನಿಕೋಡ್ ಅಲ್ಲದ ಅಕ್ಷರಗಳಲ್ಲಿ ಸಿದ್ಧಪಡಿಸಿದ ಪಟ್ಟಿಗಳಿದ್ದರೆ, ಅವುಗಳನ್ನು ಮೊದಲು ಯುನಿಕೋಡ್‌ಗೆ ಪರಿವರ್ತಿಸದೆ ಸೇರಿಸಲೇಬಾರದು.

ಊರುಗಳ ಹೆಸರು

ಹೆಸರು ಸಾಲದಾದಾಗ ಊರನ್ನು ನೋಡುವುದು ಮುನೀಮರ ಪದ್ಧತಿ. ತಂತ್ರಾಂಶವೂ ವಿಳಾಸವನ್ನು ನೋಡುತ್ತದೆ. ಆದರೆ ಉಮರ್ಗಾ ಇಂಗ್ಲಿಷಿನಲ್ಲಿ ಯು ಅಕ್ಷರದಿಂದಲೂ ಓ ಅಕ್ಷರದಿಂದಲೂ ಆರಂಭವಾಗುತ್ತದೆ. ಅದರ ಜಿಲ್ಲೆ ಹಳೆಯ ಪಟ್ಟಿಗಳಲ್ಲಿ ಉಸ್ಮಾನಾಬಾದ್, 2023ರ ಬಳಿಕ ಧಾರಾಶಿವ. ಗಡಿಯ ಆಚೆಯ ಗುಲ್ಬರ್ಗ 2014ರ ನವೆಂಬರ್ 1ರಿಂದ ಕಲಬುರಗಿ. ಹಳೆಯ ದಾಖಲೆಯಲ್ಲಿ ಒಂದು ಹೆಸರು, ಹೊಸದರಲ್ಲಿ ಇನ್ನೊಂದು ಇದ್ದರೆ ಹೋಲಿಕೆಯ ಅಂಕ ಕಡಿಮೆಯಾಗುತ್ತದೆ.

ಇದಕ್ಕೆ ವಿರುದ್ಧವಾದ ಅಪಾಯವೂ ಇದೆ. ನಿಲಂಗಾ ತಾಲೂಕಿನಲ್ಲಿ ಔರಾದ ಶಹಾಜಾನಿ ಇದೆ. ಬೀದರ ಜಿಲ್ಲೆಯಲ್ಲಿ ಔರಾದ ತಾಲೂಕು ಕೇಂದ್ರವೇ ಇದೆ. ಬರೀ ಔರಾದ ಎಂದು ಬರೆದುಬಿಟ್ಟರೆ ಎರಡು ರಾಜ್ಯಗಳ ಇಬ್ಬರು ಒಂದೇ ಊರಿನವರಾಗುತ್ತಾರೆ. ಇಲ್ಲಿ ನೆರವಾಗುವುದು ಪಿನ್‌ಕೋಡ್. ಲಾತೂರು ಜಿಲ್ಲೆಯ ಪಿನ್‌ಕೋಡ್‌ಗಳು 413ರಿಂದಲೂ ಬೀದರ ಜಿಲ್ಲೆಯವು 585ರಿಂದಲೂ ಆರಂಭವಾಗುತ್ತವೆ. ಊರ ಹೆಸರಿನ ಕಾಗುಣಿತ ಹೇಗೇ ಇರಲಿ, ಆರು ಅಂಕಿಗಳನ್ನು ಮರೆಯದೆ ಬರೆಸಿಕೊಳ್ಳುವುದು ಒಳ್ಳೆಯದು.

ಇಬ್ಬರು ಒಬ್ಬರಾಗುವ ಅಪಾಯ

ಒಬ್ಬರು ಇಬ್ಬರಾಗುವುದಕ್ಕಿಂತ ಇಬ್ಬರು ಒಬ್ಬರಾಗುವುದು ಹೆಚ್ಚು ಹಾನಿಕರ. ಎರಡು ನೆನಪೋಲೆ ಬಂದರೆ ಗ್ರಾಹಕರಿಗೆ ಬೇಸರವಾಗಬಹುದು. ಅಣ್ಣನ ಬಾಕಿ ತಮ್ಮನ ಖಾತೆಗೆ ಬಿದ್ದರೆ ಮನೆಯಲ್ಲಿ ಜಗಳವಾಗಬಹುದು.

ನಮ್ಮ ಊರುಗಳಲ್ಲಿ ಇ-ಮೇಲ್ ವಿಳಾಸ ಒಬ್ಬರದೇ ಎಂಬ ನಂಬಿಕೆ ಎಲ್ಲೆಡೆ ನಿಲ್ಲುವುದಿಲ್ಲ. ಮನೆಗೆಲ್ಲ ಓದಿದ ಮಗನ ಅಥವಾ ಮಗಳ ಒಂದೇ ವಿಳಾಸ ಇರುವುದುಂಟು. ಅರ್ಜಿ ತುಂಬಿಕೊಡುವ ಅಂಗಡಿಯವರು ಇ-ಮೇಲ್ ಇಲ್ಲದ ಹಿರಿಯರಿಗೆ ತಮ್ಮದೇ ವಿಳಾಸ ಹಾಕಿಕೊಡುವುದುಂಟು. ಇ-ಮೇಲ್ ಅನ್ನೇ ಗುರುತಾಗಿ ಹಿಡಿದ ತಂತ್ರಾಂಶದಲ್ಲಿ ಎರಡನೆಯವರ ವಿವರ ಮೊದಲನೆಯವರ ಮೇಲೆ ಬರೆಯಲ್ಪಡುತ್ತದೆ. ತಂದೆಯ ಹೆಸರಿದ್ದ ಖಾತೆ ಮಗನ ಹೆಸರಿಗೆ ತಿರುಗುತ್ತದೆ. ಯಾರಿಗೂ ಎಚ್ಚರಿಕೆ ಬರುವುದಿಲ್ಲ.

ಇಂಥ ಹೋಲಿಕೆಯ ಗಣಿತಕ್ಕೆ ಭದ್ರ ಬುನಾದಿ ಹಾಕಿದವರು ಇವಾನ್ ಫೆಲ್ಲೆಗಿ ಮತ್ತು ಅಲನ್ ಸಂಟರ್. 1969ರ ಅವರ ಪ್ರಬಂಧದ ತಿರುಳನ್ನು ಸರಳವಾಗಿ ಹೀಗೆ ಹೇಳಬಹುದು: ಅಪರೂಪದ ಹೆಸರು ಹೊಂದಿದರೆ ಅದಕ್ಕೆ ಹೆಚ್ಚು ತೂಕ, ಎಲ್ಲರಿಗೂ ಇರುವ ಹೆಸರು ಹೊಂದಿದರೆ ಕಡಿಮೆ ತೂಕ. ಪಾಟೀಲ, ಬಿರಾದಾರ ಎಂಬ ಅಡ್ಡಹೆಸರುಗಳು ಊರಿಗೆ ಹತ್ತಾರು ಮನೆಗಳಿರುವ ನಮ್ಮಲ್ಲಿ ಅವು ಹೊಂದಿದವೆಂಬುದು ಸಾಕ್ಷಿಯೇ ಅಲ್ಲ. ಈ ವಿಧಾನದಲ್ಲಿ ಖಚಿತವಾಗಿ ಒಂದೇ, ಖಚಿತವಾಗಿ ಬೇರೆ ಎಂಬ ಎರಡು ಗುಂಪುಗಳ ನಡುವೆ ಮನುಷ್ಯರು ನೋಡಿ ತೀರ್ಮಾನಿಸಬೇಕಾದ ಮೂರನೆಯ ಗುಂಪೂ ಇದೆ. ಗಡಿಭಾಗದ ಬಹಳಷ್ಟು ದಾಖಲೆಗಳು ಈ ಮೂರನೆಯ ಗುಂಪಿಗೆ ಸೇರುವಂಥವು.

ವಿಲೀನದಲ್ಲಿ ಏನು ಉಳಿಯುತ್ತದೆ

ಎರಡು ದಾಖಲೆಗಳು ಒಬ್ಬರವೇ ಎಂದು ಖಚಿತವಾದ ಮೇಲೆ ಅವುಗಳನ್ನು ವಿಲೀನಗೊಳಿಸಬೇಕು. ಒಂದನ್ನು ಪ್ರಧಾನ ದಾಖಲೆ ಎಂದು ಆರಿಸುತ್ತೇವೆ. ಇನ್ನೊಂದರಡಿ ಇದ್ದ ಪತ್ರಗಳು, ಕರೆಗಳ ಟಿಪ್ಪಣಿಗಳು, ವ್ಯವಹಾರಗಳು ಪ್ರಧಾನ ದಾಖಲೆಯಡಿ ಬರುತ್ತವೆ. ಎರಡನೆಯ ಇ-ಮೇಲ್ ವಿಳಾಸವನ್ನು ಹೆಚ್ಚುವರಿ ವಿಳಾಸವಾಗಿ ಉಳಿಸಿಕೊಳ್ಳುವ ವ್ಯವಸ್ಥೆ ಹಲವು ತಂತ್ರಾಂಶಗಳಲ್ಲಿದೆ. ಹೆಸರು, ಊರು, ಭಾಷೆಯಂಥ ಅಂಕಣಗಳಿಗೆ ಮಾತ್ರ ಒಂದೇ ಬೆಲೆ ಉಳಿಯಬೇಕು. ಯಾವುದು ಉಳಿಯಬೇಕೆಂದು ನಾವು ಹೇಳದಿದ್ದರೆ ಪ್ರಧಾನ ದಾಖಲೆಯದು ಅಥವಾ ಇತ್ತೀಚೆಗೆ ತಿದ್ದಿದ್ದು ಉಳಿಯುತ್ತದೆ.

ಭಾಷಾ ಅಲ್ಪಸಂಖ್ಯಾತರಾದ ನಮಗೆ ಈ ಹಂತ ಮುಖ್ಯ. ಒಬ್ಬರು ಹಿಂದೆ ತಮ್ಮ ಹೆಸರನ್ನು ಕನ್ನಡದಲ್ಲಿ ಬರೆದುಕೊಟ್ಟು, ಪತ್ರಗಳು ಕನ್ನಡದಲ್ಲಿ ಬರಲಿ ಎಂದು ಗುರುತು ಹಾಕಿದ್ದರೆನ್ನಿ. ಬಳಿಕ ಮರಾಠಿ ಅಥವಾ ಇಂಗ್ಲಿಷ್ ಅರ್ಜಿಯೊಂದರಿಂದ ಅವರದೇ ಎರಡನೆಯ ದಾಖಲೆ ಹುಟ್ಟಿತೆನ್ನಿ. ಇತ್ತೀಚಿನದೇ ಸರಿ ಎಂಬ ನಿಯಮದಂತೆ ವಿಲೀನವಾದರೆ ಕನ್ನಡದ ಹೆಸರೂ ಕನ್ನಡದ ಆಯ್ಕೆಯೂ ಒಟ್ಟಿಗೆ ಹೋಗುತ್ತವೆ. ಯಾರ ದುರುದ್ದೇಶವೂ ಇಲ್ಲದೆ, ಒಂದು ಗುಂಡಿ ಒತ್ತಿದ್ದರಿಂದ, ಪಟ್ಟಿಯಲ್ಲಿನ ಕನ್ನಡಿಗರ ಎಣಿಕೆ ಒಂದು ಕಡಿಮೆಯಾಗುತ್ತದೆ. ಕನ್ನಡದಲ್ಲಿ ಪತ್ರ ಬೇಕೆನ್ನುವವರು ಇಷ್ಟೇ ಜನ ಎಂದು ಮುಂದೆ ಅದೇ ಪಟ್ಟಿ ಹೇಳತೊಡಗುತ್ತದೆ. ಹಬ್‌ಸ್ಪಾಟ್‌ನಂಥ ತಂತ್ರಾಂಶದಲ್ಲಿ ವಿಲೀನವನ್ನು ಹಿಂದಕ್ಕೆ ಪಡೆಯಲೂ ಬರುವುದಿಲ್ಲ.

ಪಾಲಿಸಬಹುದಾದ ಕ್ರಮ

ವ್ಯಾಪಾರಿಗಳಿಗೂ, ಸದಸ್ಯರ ಪಟ್ಟಿ ಇಟ್ಟುಕೊಳ್ಳುವ ಕನ್ನಡ ಸಂಘಗಳಿಗೂ, ಪಾಲಕರ ಪಟ್ಟಿಯಿರುವ ಶಾಲೆಗಳಿಗೂ ನಾವು ಸೂಚಿಸುವ ಕ್ರಮ ಹೀಗಿದೆ.

1. ಸಿಂಕ್ ಜೋಡಿಸುವ ಮೊದಲು ಮೊಬೈಲಿನ ಪಟ್ಟಿಯನ್ನೂ ತಂತ್ರಾಂಶದ ಪಟ್ಟಿಯನ್ನೂ ಕಡತವಾಗಿ ಇಳಿಸಿ ಜೋಪಾನವಾಗಿಡಿ.

2. ಮೊದಲು ಮೊಬೈಲಿನ ಪಟ್ಟಿಯನ್ನು ಚೊಕ್ಕಗೊಳಿಸಿ. ಗೂಗಲ್ ಕಾಂಟ್ಯಾಕ್ಟ್ಸ್ ನಕಲುಗಳನ್ನು ತಾನೇ ಹುಡುಕಿ ತೋರಿಸುತ್ತದೆ. ಅಲ್ಲಿ ಮಾಡಿದ ಬದಲಾವಣೆಗಳನ್ನು 30 ದಿನಗಳೊಳಗೆ ಹಿಂದಕ್ಕೆ ಪಡೆಯಬಹುದು. ಒಂದೇ ಕಡೆ ವಿಲೀನ ಮಾಡಿ ಇನ್ನೊಂದು ಕಡೆ ಹಾಗೆಯೇ ಬಿಟ್ಟರೆ ಮುಂದಿನ ಸಿಂಕ್‌ನಲ್ಲಿ ನಕಲು ಮರಳಿ ಬರಬಹುದು.

3. ಪತ್ರ ಬಂದ ಕೂಡಲೇ ಹೊಸ ದಾಖಲೆ ತೆರೆಯುವ ಆಯ್ಕೆಯನ್ನು ಆರಂಭದಲ್ಲಿ ಮುಚ್ಚಿಡಿ. ಮನೆಯವರ, ನೌಕರರ ವಿಳಾಸಗಳನ್ನು ಹೊರಗಿಡುವ ಪಟ್ಟಿಗೆ ಸೇರಿಸಿ.

4. ಒಂದೇ ಇ-ಮೇಲ್ ಬಳಸುವ ಮನೆಗಳಿದ್ದರೆ ಆ ವಿಳಾಸವನ್ನು ಒಬ್ಬರ ದಾಖಲೆಯಲ್ಲಿ ಮಾತ್ರ ಇಡಿ. ಉಳಿದವರನ್ನು ದೂರವಾಣಿ ಸಂಖ್ಯೆ ಅಥವಾ ಸದಸ್ಯ ಸಂಖ್ಯೆಯಿಂದ ಗುರುತಿಸಿ.

5. ಹೆಸರಿಗೆ ಒಂದೇ ಅಂಕಣ ಸಾಲದು. ಕನ್ನಡ ಲಿಪಿಯ ಹೆಸರು, ದೇವನಾಗರಿಯ ಹೆಸರು, ಇಂಗ್ಲಿಷಿನ ಹೆಸರು ಎಂದು ಮೂರು ಅಂಕಣಗಳನ್ನೂ, ತಂದೆಯ ಹೆಸರು, ಪತ್ರದ ಭಾಷೆ, ಪಿನ್‌ಕೋಡ್ ಎಂಬ ಅಂಕಣಗಳನ್ನೂ ಸೇರಿಸಿ. ಹೀಗೆ ಮಾಡಿದರೆ ವಿಲೀನವಾದಾಗ ಒಂದು ಲಿಪಿಯ ಹೆಸರು ಇನ್ನೊಂದನ್ನು ತಳ್ಳುವ ಪ್ರಸಂಗವೇ ಬರುವುದಿಲ್ಲ.

6. ಹೆಸರು ಹೋಲುತ್ತದೆಂಬ ಕಾರಣವೊಂದರಿಂದಲೇ ತಾನಾಗಿ ವಿಲೀನ ಮಾಡುವ ನಿಯಮ ಇಡಬೇಡಿ. ಇ-ಮೇಲ್, ದೂರವಾಣಿ, ಪಿನ್‌ಕೋಡ್ ಇವುಗಳಲ್ಲಿ ಎರಡಾದರೂ ಹೊಂದಲಿ. ಹೊಂದದವುಗಳನ್ನು ಊರು ಬಲ್ಲವರೊಬ್ಬರು ನೋಡಿ ತೀರ್ಮಾನಿಸಲಿ.

ಗ್ರಾಹಕರಿಗೂ ಒಂದು ಮಾತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ತಮ್ಮ ಕುರಿತ ತಪ್ಪು ವಿವರವನ್ನು ತಿದ್ದಿಸಿಕೊಳ್ಳುವ, ಅಪೂರ್ಣವಾದುದನ್ನು ಪೂರ್ಣಗೊಳಿಸಿಕೊಳ್ಳುವ ಹಕ್ಕನ್ನು ವ್ಯಕ್ತಿಗಳಿಗೆ ಕೊಟ್ಟಿದೆ. ಒಪ್ಪಿಗೆ ಕೇಳುವಾಗ ಕೊಡುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕೆಂದೂ ಅದು ಹೇಳುತ್ತದೆ. ಆ ಅನುಸೂಚಿಯ 22 ಭಾಷೆಗಳಲ್ಲಿ ಕನ್ನಡವೂ ಒಂದು. ನಾವು ಯಾವ ರಾಜ್ಯದಲ್ಲಿದ್ದೇವೆಂಬುದು ಇಲ್ಲಿ ಅಡ್ಡಬರುವುದಿಲ್ಲ. ಕಾಯ್ದೆಯ ವಿಧಿಗಳು ಹಂತ ಹಂತವಾಗಿ ಜಾರಿಗೆ ಬರುವಂಥವು. ಅಷ್ಟರಲ್ಲಿ ಅಂಗಡಿಯಲ್ಲಾಗಲಿ, ಬ್ಯಾಂಕಿನಲ್ಲಾಗಲಿ, ಸಂಘದಲ್ಲಾಗಲಿ ಹೆಸರು ಬರೆಸುವಾಗ ಪ್ರತಿ ಸಲವೂ ಒಂದೇ ಕಾಗುಣಿತ, ಒಂದೇ ಇ-ಮೇಲ್, ಒಂದೇ ದೂರವಾಣಿ ಸಂಖ್ಯೆ ಕೊಡುವ ಅಭ್ಯಾಸವನ್ನು ನಾವೇ ಇಟ್ಟುಕೊಳ್ಳಬಹುದು. ಭಾಷೆ ಯಾವುದೆಂದು ಕೇಳುವ ಅಂಕಣವನ್ನು ಖಾಲಿ ಬಿಡದೆ ಕನ್ನಡ ಎಂದು ತುಂಬಬಹುದು.